‘ಸಂಕೇತೀಕರಣ’ ಒಂದೇ ಪದ ಎರಡು ಕೆಲಸಗಳಿಗೆ ಸಾಕೇ?

ಮಾನ್ಯರೇ,

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಇಎಸ್ (ಕೀಲಿಯ ನೆರವಿನಿಂದ ಮಾಹಿತಿಯನ್ನು ಗುಟ್ಟಾಗಿಸುವ ಒಂದು ಪ್ರಮಾಣಿತ ವಿಧಾನ) ಲೈಬ್ರರಿಯನ್ನು ಬಳಸುವ ಬಗೆಯನ್ನು ಹೇಳಿಕೊಡುವ ಕನ್ನಡ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಎನ್‌ಕ್ರಿಪ್ಶನ್‌ಗೂ (ಕೀಲಿಯಿಲ್ಲದವರಿಗೆ ತಿಳಿಯದಂತೆ ಮಾಡುವುದು) ಎನ್‌ಕೋಡಿಂಗ್‌ಗೂ (ಮಾಹಿತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ತರುವುದು) ‘ಸಂಕೇತೀಕರಣ’ ಎಂಬ ಒಂದೇ ಪದವನ್ನು ಬಳಸಲಾಗಿದೆ. ಬೇರೆ ಬರಹವಾಗಿದ್ದರೆ ಸಂದರ್ಭದಿಂದ ಅರ್ಥ ಹೊಳೆಯುತ್ತದೆ ಎಂದು ಬಿಡಬಹುದಿತ್ತು. ಇಲ್ಲಿ ಆ ಎರಡು ಕೆಲಸಗಳು ಒಂದರ ಬೆನ್ನಿಗೊಂದು, ಕೆಲವೆಡೆ ಒಂದೇ ಸಾಲಿನಲ್ಲಿ ನಡೆಯುವುದರಿಂದ ಹಾಗೆ ಬಿಡುವಂತಿಲ್ಲ.

ಕೆಲಸ ಸಾಗುವ ಕ್ರಮ ಹೀಗಿದೆ. ಲೈಬ್ರರಿಗೆ ಪಠ್ಯವನ್ನು ನೇರವಾಗಿ ಕೊಡಲಾಗದು, ಅದು ಕೇಳುವುದು ಬೈಟ್‌ಗಳನ್ನು, ಅಂದರೆ ಎಂಟೆಂಟು ಬಿಟ್‌ಗಳ ಘಟಕಗಳನ್ನು. ಆದ್ದರಿಂದ ಮೊದಲು ಪಠ್ಯವನ್ನು ಯುಟಿಎಫ್-8 ಕ್ರಮದಲ್ಲಿ ಬೈಟ್‌ಗಳಾಗಿಸಬೇಕು. ಆ ಬೈಟ್‌ಗಳನ್ನು ಕೀಲಿಯ ನೆರವಿನಿಂದ ಎನ್‌ಕ್ರಿಪ್ಟ್ ಮಾಡಬೇಕು. ಹೊರಬಂದದ್ದನ್ನು ಇಮೇಲಿನಲ್ಲೋ ಪಠ್ಯಕಡತದಲ್ಲೋ ಇಡಬೇಕಾದರೆ ಮತ್ತೆ ಬೇಸ್64 ರೂಪಕ್ಕೆ (ಬೈಟ್‌ಗಳನ್ನು ಸಾಮಾನ್ಯ ಅಕ್ಷರ, ಅಂಕಿಗಳಲ್ಲಿ ಬರೆಯುವ ಕ್ರಮ) ತರಬೇಕು. ಕರಡಿನ ಪ್ರಕಾರ ಈ ಮೂರೂ ಸಂಕೇತೀಕರಣವೇ. ಆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಕೀಲಿಯೇ ಇಲ್ಲ, ಯಾರು ಬೇಕಾದರೂ ಅವುಗಳನ್ನು ಹಿಂದಕ್ಕೆ ತಿರುಗಿಸಬಹುದು. ಬೇಸ್64 ಸಾಲು ಕಣ್ಣಿಗೆ ಗೋಜಲಾಗಿ ಕಾಣುತ್ತದೆಯೇ ಹೊರತು ಅದರಲ್ಲಿ ಗುಟ್ಟೇನೂ ಅಡಗಿರುವುದಿಲ್ಲ. ಕೈಪಿಡಿಯನ್ನು ಓದಿದವರು ಬೇಸ್64 ಮಾಡಿಬಿಟ್ಟು ಮಾಹಿತಿ ಭದ್ರವಾಯಿತೆಂದು ನಂಬಿದರೆ ತಪ್ಪು ಅವರದೆನ್ನಲಾಗದು.

ನನ್ನ ಒಲವು ಎನ್‌ಕೋಡಿಂಗ್‌ಗೆ ‘ಸಂಕೇತೀಕರಣ’ವನ್ನು ಬಿಟ್ಟುಕೊಟ್ಟು, ಎನ್‌ಕ್ರಿಪ್ಶನ್‌ಗೆ ಈಗಾಗಲೇ ಚಲಾವಣೆಯಲ್ಲಿರುವ ‘ಗೂಢಲಿಪೀಕರಣ’ವನ್ನು ಇಟ್ಟುಕೊಳ್ಳುವುದರ ಕಡೆಗಿದೆ. ಚಿತ್ರ, ಧ್ವನಿ ಯಾವುದನ್ನಾದರೂ ಹೀಗೆ ಮಾಡಬಹುದಾಗಿರುವಾಗ ‘ಲಿಪಿ’ ಏಕೆ ಎಂಬ ಆಕ್ಷೇಪ ನನಗೆ ಭಾರವಾಗಿ ತೋರುವುದಿಲ್ಲ. ತೊಡಕಿರುವುದು ಕ್ರಿಯಾರೂಪದಲ್ಲಿ: ‘ಗೂಢಲಿಪೀಕರಣಗೊಳಿಸಲ್ಪಟ್ಟ ಪಠ್ಯ’ ಎಂದು ಪುಟಕ್ಕೆ ನಾಲ್ಕು ಬಾರಿ ಬರೆದರೆ ಯಾರೂ ಓದಲಾರರು. ‘ಗೂಢಗೊಳಿಸು’, ‘ಬಿಡಿಸು’, ‘ಗೂಢಪಠ್ಯ’, ‘ಮೂಲಪಠ್ಯ’ ಎಂದರೆ ಸಾಲದೇ? ‘ಮರೆಮಾಚು’ ಎಂಬ ಸಲಹೆಯೂ ಬಂದಿತ್ತು. ಅದು ಸಲ್ಲದು, ಏಕೆಂದರೆ ಗೂಢಪಠ್ಯ ಎಲ್ಲರ ಕಣ್ಣೆದುರಿಗೇ ಇರುತ್ತದೆ, ತಿಳಿಯದಿರುವುದು ಅದರ ಒಳಗೇನಿದೆ ಎಂಬುದು ಮಾತ್ರ.

ಇದಕ್ಕಿಂತ ಹೆಚ್ಚು ಅಪಾಯದ ಪದವೆಂದರೆ ‘ಅಕ್ಷರ’. ಎಇಎಸ್ ಮಾಹಿತಿಯನ್ನು 16 ಬೈಟ್‌ಗಳ ಖಂಡಗಳಾಗಿ ತೆಗೆದುಕೊಳ್ಳುತ್ತದೆ. ಪ್ರತಿ ಖಂಡವನ್ನೂ ಹಿಂದಿನದರೊಂದಿಗೆ ಬೆಸೆದು ಗೂಢಗೊಳಿಸುವ ಸಿಬಿಸಿ ವಿಧಾನದಲ್ಲಿ ಕೊನೆಯ ಖಂಡ ತುಂಬದೆ ಉಳಿದರೆ ಪ್ಯಾಡಿಂಗ್‌ನಿಂದ, ಅಂದರೆ ಹೆಚ್ಚುವರಿ ಬೈಟ್‌ಗಳಿಂದ, ಅದನ್ನು ತುಂಬಬೇಕು. ಕರಡಿನಲ್ಲಿ ‘ಪಠ್ಯದ ಉದ್ದ 16 ಅಕ್ಷರಗಳ ಗುಣಕವಾಗಿರಬೇಕು’ ಎಂದಿದೆ. ‘ಕನ್ನಡ’ ಎಂಬ ಪದವನ್ನೇ ನೋಡೋಣ. ನಮಗೆ ಅದು ಮೂರು ಅಕ್ಷರ. ಪೈಥಾನಿಗೆ ಉದ್ದ ಎಷ್ಟೆಂದು ಕೇಳಿದರೆ ಐದು ಎನ್ನುತ್ತದೆ, ಏಕೆಂದರೆ ಒತ್ತಕ್ಷರದ ನಡುವಿನ ಹಲಂತ ಚಿಹ್ನೆಯನ್ನೂ (ಯುನಿಕೋಡಿನಲ್ಲಿ ಇದರ ಹೆಸರು ‘ವಿರಾಮ’) ಒತ್ತಿನ ‘ನ’ವನ್ನೂ ಯುನಿಕೋಡ್ ಬೇರೆ ಬೇರೆಯಾಗಿ ಎಣಿಸುತ್ತದೆ. ಯುಟಿಎಫ್-8ರಲ್ಲಿ ಇವು ಒಂದೊಂದಕ್ಕೂ ಮೂರು ಬೈಟ್ ಬೇಕಾಗುವುದರಿಂದ ಒಟ್ಟು 15 ಬೈಟ್. ಅಂದರೆ ಪ್ಯಾಡಿಂಗ್‌ನ ಪ್ರಮಾಣಿತ ಬಗೆಯಾದ ಪಿಕೆಸಿಎಸ್7 ಕ್ರಮದಲ್ಲಿ ಸೇರಿಸಬೇಕಾದದ್ದು ಒಂದೇ ಬೈಟ್. ಐದನ್ನು 16ರಿಂದ ಕಳೆದು 11 ಬೈಟ್ ಸೇರಿಸಿದವರ ಬಳಿ 26 ಬೈಟ್ ಆಗಿರುತ್ತದೆ, ಲೈಬ್ರರಿ ಅದನ್ನು ಒಪ್ಪದೆ ದೋಷಸಂದೇಶ ಕೊಡುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಮೂರೂ ಎಣಿಕೆಗಳು ಒಂದೇ ಆಗುವುದರಿಂದ ಈ ಸಡಿಲು ಬಯಲಾಗುವುದಿಲ್ಲ. ಆದ್ದರಿಂದ ಇಲ್ಲಿ ‘ಬೈಟ್’ ಎಂಬುದನ್ನು ಹಾಗೆಯೇ ಉಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ಯಾಡಿಂಗ್‌ಗೆ ‘ಭರ್ತಿ’ ಎಂಬ ಪದ ಚೆನ್ನಾಗಿದೆಯಾದರೂ ಒಂದು ಅಡ್ಡಿಯಿದೆ. ಮಾಹಿತಿ ಸರಿಯಾಗಿ 16 ಬೈಟ್ ಇದ್ದಾಗಲೂ ಪಿಕೆಸಿಎಸ್7 ಕ್ರಮದಲ್ಲಿ ಇನ್ನೊಂದು ಪೂರ್ಣ ಖಂಡವನ್ನು ಸೇರಿಸಬೇಕಾಗುತ್ತದೆ. ಇಲ್ಲವಾದರೆ ಬಿಡಿಸುವಾಗ ಕೊನೆಯ ಬೈಟ್ ಮಾಹಿತಿಯದೋ ಸೇರಿಸಿದ್ದೋ ತಿಳಿಯುವುದಿಲ್ಲ. ಭರ್ತಿಯಾದದ್ದನ್ನು ಮತ್ತೆ ಭರ್ತಿ ಮಾಡುವುದು ಕಿವಿಗೆ ವಿಚಿತ್ರವೆನಿಸುತ್ತದೆ.

‘256 ಬಿಟ್‌ನ ಎಇಎಸ್’ ಎಂಬ ಪ್ರಯೋಗವನ್ನೂ ತಿದ್ದಬೇಕಿದೆ. ಎಇಎಸ್‌ನ ಖಂಡ ಯಾವಾಗಲೂ 128 ಬಿಟ್. 128, 192, 256 ಎಂದು ಬದಲಾಗುವುದು ಕೀಲಿಯ ಉದ್ದ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಗೂಢಲಿಪೀಕರಣ ಸೌಲಭ್ಯವಾದ ಎಮ್‌ಕ್ರಿಪ್ಟ್‌ನಲ್ಲಿ ರೈನ್‌ಡಾಲ್-256 (ರೈನ್‌ಡಾಲ್ ಎಇಎಸ್‌ಗೆ ಮೂಲವಾದ ವಿಧಾನ) ಎಂದರೆ ಖಂಡವೇ 256 ಬಿಟ್, ಆದ್ದರಿಂದ ಅದು ಎಇಎಸ್ ಅಲ್ಲ. ಪಿಎಚ್‌ಪಿ 7.2ರಲ್ಲಿ ಎಮ್‌ಕ್ರಿಪ್ಟನ್ನು ಕೈಬಿಟ್ಟಿದ್ದರೂ ಅದರಲ್ಲಿ ಗೂಢಗೊಳಿಸಿಟ್ಟ ಹಳೆಯ ದತ್ತಾಂಶವನ್ನು ಪೈಥಾನಿನ ಎಇಎಸ್‌ನಿಂದ ಬಿಡಿಸಲು ಹೋದವರಿಗೆ ಈ ಸಂಖ್ಯೆಯ ಗೊಂದಲ ಇಂದಿಗೂ ಎದುರಾಗುತ್ತದೆ. ‘256 ಬಿಟ್ ಕೀಲಿಯ ಎಇಎಸ್’ ಎಂದರೆ ಒಂದು ಪದ ಹೆಚ್ಚಾಗುತ್ತದೆ, ಅಷ್ಟೇ.

ಇನ್ನು ಐವಿಗೆ (ಇನಿಶಿಯಲೈಸೇಶನ್ ವೆಕ್ಟರ್, ಗೂಢಗೊಳಿಸುವಾಗ ಆರಂಭದಲ್ಲಿ ಕೊಡುವ ಬೈಟ್‌ಗಳು) ಕರಡಿನಲ್ಲಿರುವ ‘ಆರಂಭಿಕ ಸದಿಶ’. ಗಣಿತದ ಪಠ್ಯಪುಸ್ತಕ ಓದಿದವರು ಸದಿಶವೆಂದ ಕೂಡಲೇ ದಿಕ್ಕನ್ನು ಹುಡುಕುತ್ತಾರೆ. ಇಲ್ಲಿ ಇರುವುದು ಪ್ರತಿ ಸಲವೂ ಹೊಸದಾಗಿ, ಊಹೆಗೆ ಸಿಗದಂತೆ ಆರಿಸಬೇಕಾದ 16 ಬೈಟ್ ಮಾತ್ರ. ಅದು ಗುಟ್ಟಿನದೂ ಅಲ್ಲ, ಗೂಢಪಠ್ಯದ ಜೊತೆಗೇ ಕಳಿಸಬಹುದು. ‘ಆರಂಭಮೌಲ್ಯ’ ಸಾಕೆಂದು ತೋರುತ್ತದೆ.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ‘ಗೂಢಗೊಳಿಸು’ ಎಂಬ ಕ್ರಿಯಾಪದವನ್ನು ಈ ಅರ್ಥದಲ್ಲಿ ಅಚ್ಚಿನಲ್ಲಿ ಕಂಡವರಿದ್ದರೆ ಆ ವಾಕ್ಯವನ್ನು ಇಲ್ಲಿ ಹಾಕಬೇಕು. ಪ್ಯಾಡಿಂಗ್‌ಗೆ ‘ಭರ್ತಿ’ಯ ಅಡ್ಡಿಯಿಲ್ಲದ ಪದ ಹೊಳೆದರೆ ತಿಳಿಸಬೇಕು, ಅಲ್ಲಿಯವರೆಗೆ ಕರಡಿನಲ್ಲಿ ‘ಪ್ಯಾಡಿಂಗ್’ ಎಂದೇ ಇರಿಸುತ್ತೇನೆ.