ಅಜ್ಜನ ಟ್ರಂಕಿನಲ್ಲಿ ಮೂರು ಜರ್ಮನ್ ಬಿಲ್ಲೆ, ಒಂದು ಚಿನ್ನದ ದರ್ಜೆಯದಾ?

ಸಕಲೇಶಪುರದವ

ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜ ಬ್ರಿಟಿಷರ ಕಾಲದ ಭಾರತೀಯ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1943ರ ಮೇ ತಿಂಗಳಲ್ಲಿ ಟ್ಯುನೀಷಿಯಾದಲ್ಲಿ ಜರ್ಮನ್ನರು ಶರಣಾದಾಗ ಅಲ್ಲೇ ಇದ್ದೆ ಅನ್ನುತ್ತಿದ್ದರು. ಆಮೇಲೆ ಇಟಲಿಗೂ ಹೋಗಿ ಬಂದವರು. ಮೊನ್ನೆ ಅಟ್ಟ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಮೂರು ಬಿಲ್ಲೆ ಸಿಕ್ಕವು. ಸುತ್ತ ಎಲೆಯ ಹಾರ, ನಡುವೆ ಅಡ್ಡಡ್ಡ ಎರಡು ಕತ್ತಿ, ಅದರ ಮೇಲೆ ಉಕ್ಕಿನ ಟೋಪಿ, ಟೋಪಿಯಲ್ಲಿ ಸ್ವಸ್ತಿಕ. ಗಾಯಗೊಂಡ ಜರ್ಮನ್ ಸೈನಿಕರಿಗೆ ಕೊಡುತ್ತಿದ್ದ ಬಿಲ್ಲೆ ಅಂತ ಗೊತ್ತಾಯಿತು.

ಚಿತ್ರ ಒಂದೇ, ಮಾಲು ಬೇರೆ. ಮೊದಲನೆಯದು ಕಪ್ಪು, ಹಿಂದೆ ಟೊಳ್ಳು, ಅಲ್ಲಲ್ಲಿ ತುಕ್ಕು, ಮ್ಯಾಗ್ನೆಟ್ ಹಿಡಿಯುತ್ತದೆ. ಎರಡನೆಯದೂ ಟೊಳ್ಳೇ, ಆದರೆ ಫಳಫಳ ಹೊಳೆಯುತ್ತದೆ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಮೂರನೆಯದು ಗಟ್ಟಿ, ಬೂದಿ ಬಣ್ಣ, ಬೆನ್ನಿಗೆ 30 ಅಂತ ಒತ್ತಿದೆ. 1930ನೇ ಇಸವಿ ಇರಬಹುದಾ? ಐದು ಅಥವಾ ಜಾಸ್ತಿ ಸಲ ಗಾಯವಾದವರಿಗೆ ಚಿನ್ನದ ಬಣ್ಣದ್ದು ಕೊಡುತ್ತಿದ್ದರಂತೆ. ನಮ್ಮ ಎರಡನೆಯದು ಅದೇನಾ? ಹಾಸನದಲ್ಲಿ ಹಳೇ ನಾಣ್ಯ ಕೊಳ್ಳುವವರೊಬ್ಬರು "ಮೂರು ಲೋಹ ಅಂದಮೇಲೆ ಎರಡಾದರೂ ನಕಲಿ" ಅಂದುಬಿಟ್ಟರು.

ತೋಟದ ಮನೆ

ನನಗೂ ಹಾಗೇ ಅನ್ನಿಸುತ್ತದೆ. ಒಂದೇ ಸೈನ್ಯ, ಒಂದೇ ಬಿಲ್ಲೆ. ಮೂರು ಥರ ಯಾಕೆ ಮಾಡುತ್ತಾರೆ?

ಒರೆಗಲ್ಲು

ನಮ್ಮದು ಚಿಕ್ಕಮಗಳೂರಿನಲ್ಲಿ ಅಕ್ಕಸಾಲಿಗರ ಮನೆ. ಇಂಥ ಬಿಲ್ಲೆಗಳ ಹುಚ್ಚು ನನಗೆ ಸುಮಾರು ವರ್ಷದಿಂದ ಇದೆ. ಏನೇ ಕೈಗೆ ಬಂದರೂ ನಾನು ಮೊದಲು ನೋಡುವುದು ಬೆನ್ನು. ಮುಖವನ್ನು ನಕಲಿ ಮಾಡುವವನೂ ಚೆಂದ ಮಾಡಿರುತ್ತಾನೆ.

ತೋಟದ ಮನೆಯವರೇ, ಇವು ಒಂದೇ ಕಾರ್ಖಾನೆಯ ಮಾಲಲ್ಲ. ಲ್ಯೂಡೆನ್‌ಶೈಡ್, ಫೋರ್ಟ್ಸ್‌ಹೈಮ್, ವಿಯೆನ್ನಾ, ಹೀಗೆ ಬೇರೆ ಬೇರೆ ಊರಲ್ಲಿ ಒತ್ತಿದ್ದಾರೆ. ಒಬ್ಬೊಬ್ಬರದು ಒಂದೊಂದು ಅಚ್ಚು. ಎಲೆಯ ಗೆರೆ, ಹಿನ್ನೆಲೆಯ ಚುಕ್ಕಿ, ಪಿನ್ನಿನ ಕೀಲು ಕೂಡ ಬೇರೆ. 1939ರಲ್ಲಿ ಹಿತ್ತಾಳೆ ಧಾರಾಳವಾಗಿತ್ತು. ಯುದ್ಧ ಎಳೆದಂತೆಲ್ಲಾ ತಾಮ್ರ, ಹಿತ್ತಾಳೆ ತೋಟಾಗಳಿಗೆ ಬೇಕಾಯಿತು. ಕಪ್ಪು ಬಿಲ್ಲೆ ಉಕ್ಕಿನ ತಗಡಿಗೆ ಇಳಿಯಿತು, ಬೆಳ್ಳಿ ಬಣ್ಣದ್ದು ಸತುವಿಗೆ ಇಳಿಯಿತು. ಹಾಗಾಗಿ ಲೋಹ ಬೇರೆ ಅಂದ ಮಾತ್ರಕ್ಕೆ ನಕಲಿ ಆಗುವುದಿಲ್ಲ.

30 ಇಸವಿ ಅಲ್ಲ, ಮಾಡಿದವರ ನಂಬರು. ವಿಯೆನ್ನಾದ ಸರ್ಕಾರಿ ಟಂಕಸಾಲೆಯದು. ನಂಬರಿನ ಮುಂದೆ ಎಲ್ ಅಕ್ಷರ, ಓರೆ ಗೀಟು ಇದ್ದರೆ ಅಂಗಡಿಯಲ್ಲಿ ಮಾರಲು ಮಾಡಿದ್ದು. ಬರೀ ನಂಬರಿದ್ದರೆ ಸರ್ಕಾರ ತರಿಸಿದ್ದು. ನಿಮ್ಮ ಮೂರನೆಯದು ಬೆಳ್ಳಿ ದರ್ಜೆಯದು, ಮೂರು ನಾಲ್ಕು ಸಲ ಗಾಯವಾದವರದು. ಸತುವಿನ ಮೇಲೆ ಆ ಬೆಳ್ಳಿ ಬಣ್ಣ ನಿಲ್ಲುವುದಿಲ್ಲ, ಕಾಲ ಕಳೆದಂತೆ ಬೂದಿಯಾಗುತ್ತದೆ. ಹೊಸದಾಗಿ ಮಿಂಚಿದ್ದರೇ ನನಗೆ ಅನುಮಾನ ಬರುತ್ತಿತ್ತು. ಕಪ್ಪು ಬಿಲ್ಲೆಗಳಲ್ಲಿ ನಂಬರಿಲ್ಲದವು ಬೇಕಾದಷ್ಟಿವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಮಾಷೆ ಇರುವುದು ಎರಡನೆಯದರಲ್ಲಿ. ಚಿನ್ನದ ದರ್ಜೆಯದು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ನಿಮ್ಮದು ಟೊಳ್ಳು, ತೆಳು ತಗಡು. ನನ್ನ ಪ್ರಕಾರ ಅದು ಮೊದಮೊದಲ ಹಿತ್ತಾಳೆಯ ಕಪ್ಪು ಬಿಲ್ಲೆ, ಬಣ್ಣ ಹೋಗಿದೆ ಅಷ್ಟೇ. ಭೂತಗನ್ನಡಿ ಹಿಡಿದು ಪಿನ್ನಿನ ಬುಡ, ಎಲೆಗಳ ಸಂದು ನೋಡಿ. ಹಾಗೇ ಒಂದು ಮಾತು ಕೇಳಲಾ? ಮನೆಯಲ್ಲಿ ಯಾರಾದರೂ ಅದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರಾ?

ಸಕಲೇಶಪುರದವ

ಸರ್, ನಿಮಗೆ ಕೈ ಮುಗಿದೆ. ಪಿನ್ನಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಉಳಿದಿದೆ. ಅಮ್ಮನನ್ನು ಕೇಳಿದೆ, ನಗಲು ಶುರು ಮಾಡಿದರು. ಸ್ವಸ್ತಿಕ ಇದೆ, ಶುಭ ಅಂತ ಅಜ್ಜಿ ಅದನ್ನು ದೇವರ ಮನೆಯಲ್ಲಿ ಇಟ್ಟಿದ್ದರಂತೆ. ಹಬ್ಬ ಬಂದರೆ ದೀಪದ ಕಂಬಗಳ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ಬೆಳಗುತ್ತಿದ್ದರಂತೆ. ಅಜ್ಜ ಎಷ್ಟೋ ವರ್ಷ ಏನೂ ಹೇಳಲಿಲ್ಲ. ಒಂದು ದಿನ ಸುಮ್ನೆ ಎತ್ತಿಕೊಂಡು ಹೋಗಿ ಟ್ರಂಕಿಗೆ ಹಾಕಿ ಬೀಗ ಜಡಿದರಂತೆ. ಯಾಕೆ ಅಂತ ಅಜ್ಜಿ ಕೇಳಿದ್ದಕ್ಕೆ "ಅದು ನಮ್ಮದಲ್ಲ" ಅಂದರಂತೆ, ಅಷ್ಟೇ.

ತೋಟದ ಮನೆ

ನಕಲಿ ಅಂದಿದ್ದು ವಾಪಸ್ ತಗೊಂಡೆ.

ಒರೆಗಲ್ಲು

ಹಿತ್ತಾಳೆ ಕಂಡರೆ ಬಿಡದ ಅಜ್ಜಿಯಂದಿರು ನಮ್ಮ ಮನೆಯಲ್ಲೂ ಇದ್ದರು, ಹಾಗಾಗಿ ಊಹಿಸಿದೆ.

ಎರಡನೆಯದಕ್ಕೆ ಮತ್ತೆ ಕಪ್ಪು ಬಳಿಸಬೇಡಿ. ಮೊದಲನೆಯದರ ತುಕ್ಕಿಗೆ ನಿಂಬೆ, ಹುಣಸೆ ಏನೂ ಬೇಡ, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಸಾಕು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ನಿಮ್ಮ ಕಡೆಯ ಮಳೆಗೆ ಅದು ಒಳಗೇ ಬೆವರುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಸತುವಿನದರ ಪಿನ್ನನ್ನು ಮಾತ್ರ ತೆಗೆದು ಹಾಕಿ ಆಡಿಸಬೇಡಿ. ಆ ಕೀಲು ಮುರಿದರೆ ಸತುವಿಗೆ ಬೆಸುಗೆ ಸರಿಯಾಗಿ ಕೂರುವುದಿಲ್ಲ. ನನ್ನ ಹತ್ತಿರ ತಂದರೂ ನಾನು ಮಾಡಿಕೊಡುವುದಿಲ್ಲ, ಈಗಲೇ ಹೇಳಿದ್ದೇನೆ.