ಬಾನೆಟ್ ಒಳಗೆ ಹಲಸಿನ ಬೀಜ! ಕಾರಿಗೆ ಇಲಿ ಕಾಟ, ಪಾಷಾಣ ಇಡಬಹುದಾ?

ಸಾಗರದವ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರದ ಹತ್ತಿರ. ಗಾಡಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಆರು ವರ್ಷ ಹಳೆಯದು. ಮಳೆ ಹಿಡಿದಾಗಿನಿಂದ ಇಲಿ ಕಾಟ. ಹೋದ ತಿಂಗಳು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನ ವೈರ್ ಕಡಿದಿತ್ತು. ಚೆಕ್ ಎಂಜಿನ್ ಲೈಟ್ ಬಂತು, ಗಾಡಿ ಎಳೆಯುತ್ತಲೇ ಇರಲಿಲ್ಲ. ಗ್ಯಾರೇಜಿನಲ್ಲಿ ವೈರ್ ಜೋಡಿಸಿ, ಇಲಿ ಓಡಿಸುವ ಸ್ಪ್ರೇ ಹೊಡೆದು ಕಳಿಸಿದರು. ಹತ್ತೇ ದಿನಕ್ಕೆ ಮತ್ತೆ ಹಾಜರು. ಈಗ ಎಸಿ ಹಾಕಿದರೆ ಉಚ್ಚೆ ವಾಸನೆ. ನುಸಿಗುಳಿಗೆ ಇಟ್ಟೆ, ಹೊಗೆಸೊಪ್ಪು ಕಟ್ಟಿದೆ, ಅದಕ್ಕೆ ಲೆಕ್ಕಕ್ಕೇ ಇಲ್ಲ ಮಾರಾಯ್ರೆ. ಇವತ್ತು ಬಾನೆಟ್ ಎತ್ತಿದರೆ ಬ್ಯಾಟರಿ ಪಕ್ಕ ಏಳೆಂಟು ಹಲಸಿನ ಬೀಜ! ಪಾಷಾಣ ಇಟ್ಟು ಮುಗಿಸೋಣ ಅಂತಿದ್ದೇನೆ.

ಬೇಸ್‌ಮೆಂಟ್ ವಾಸಿ:
ಶಬ್ದದಿಂದ ಓಡಿಸುವ ಮೆಶಿನ್‌ಗೆ ಮಾತ್ರ ದುಡ್ಡು ಹಾಕಬೇಡಿ. ನಾನು ಹಾಕಿಸಿದ್ದೆ. ಎರಡು ವಾರ ಇಲಿ ಬರಲಿಲ್ಲ. ಮೂರನೇ ವಾರ ಆ ಮೆಶಿನ್ ವೈರನ್ನೇ ಕಡಿದಿತ್ತು.

ಹಳೇ ಸ್ಪ್ಯಾನರ್:
ಪಾಷಾಣ ಬೇಡವೇ ಬೇಡ. ತಿಂದ ಇಲಿ ಎಸಿ ಗಾಳಿ ಊದುವ ಬ್ಲೋವರ್ ಒಳಗೆ ಹೋಗಿ ಸತ್ತರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಅವಕ್ಕೂ ಅಪಾಯ.

ಹಲಸಿನ ಬೀಜ ಸಿಕ್ಕಿದ್ದು ಒಳ್ಳೆಯ ಸುಳಿವು. ಅದು ಸುಮ್ನೆ ಬಂದು ಹೋಗುವ ಇಲಿ ಅಲ್ಲ, ನಿಮ್ಮ ಕಾರಿನಲ್ಲಿ ಸಂಸಾರ ಹೂಡಿದೆ. ವೈರನ್ನು ಹೊಟ್ಟೆಗೆಂದು ಕಡಿಯುವುದಿಲ್ಲ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯಲೇಬೇಕು. ಗೂಡು ಎಲ್ಲಿದೆಯೋ ಅಲ್ಲಿನ ವೈರ್‌ಗೆ ಕಂಟಕ.

ಗ್ಲೋವ್ ಬಾಕ್ಸ್ ಬಿಚ್ಚಿ ಹಿಂದಿರುವ, ಎಸಿ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆಯಿರಿ. ಉಚ್ಚೆ ವಾಸನೆ ಅಂದಮೇಲೆ ಗೂಡು ಅಲ್ಲೇ ಇರಬೇಕು. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಹಿಕ್ಕೆಗೆ ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ. ಒಣಗಿದ್ದನ್ನು ಗುಡಿಸುವುದು, ಗಾಳಿ ಹೊಡೆಯುವುದು ಬೇಡ. ಇಲಿ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ, ಹುಡುಗಾಟ ಅಲ್ಲ. ಹಾಗೇ ಪೆಟ್ರೋಲ್ ಪೈಪ್ ನೋಡಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ.

ಅಂದಹಾಗೆ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಬೇರೆ ಏನೇನಿದೆ?

ಸಾಗರದವ:
ನೀವು ಹೇಳಿದ್ದು ನಿಜ ಸರ್! ಫಿಲ್ಟರ್ ಮೇಲೆ ದೊಡ್ಡ ಗೂಡು. ಗೋಣಿ ನಾರು, ಅಡಿಕೆ ಸಿಪ್ಪೆ, ಬಾನೆಟ್ ಕೆಳಗಿನ ಹಾಸಿನ ಹತ್ತಿ. ಮರಿ ಇರಲಿಲ್ಲ, ಪುಣ್ಯ. ಪೆಟ್ರೋಲ್ ಪೈಪ್ ಸರಿಯಾಗಿದೆ. ಶೆಡ್ಡಿನಲ್ಲಿ ನಾಯಿ ತಿಂಡಿ ಚೀಲ, ಅಡಿಕೆ ಸಿಪ್ಪೆ, ಅಮ್ಮ ಮಳೆಗಾಲಕ್ಕೆಂದು ಮಣ್ಣು ಹಚ್ಚಿಟ್ಟ ಹಲಸಿನ ಬೀಜದ ಬುಟ್ಟಿ.

ಹಳೇ ಸ್ಪ್ಯಾನರ್:
ಊಟ, ಹಾಸಿಗೆ ಎರಡೂ ಕೊಟ್ಟಿದ್ದೀರಿ, ಮತ್ತೆ ಹೊಗೆಸೊಪ್ಪಿಗೆ ಹೆದರಿ ಯಾಕೆ ಹೋಗುತ್ತದೆ? ಮೊದಲು ಅದೆಲ್ಲ ಶೆಡ್ಡಿಂದ ಆಚೆ ಹೋಗಲಿ. ಇಲ್ಲದಿದ್ದರೆ ಈ ಇಲಿ ಹೋದರೆ ಇನ್ನೊಂದು ಬರುತ್ತದೆ.

ಆಮೇಲೆ ಜಾಲರಿ. ವೈಪರ್ ಕೆಳಗೆ ಹೊರಗಿನ ಗಾಳಿ ಒಳಗೆ ಹೋಗುವ ಬಾಯಿ ಇದೆ, ಅಲ್ಲಿಂದಲೇ ಇಳಿಯುವುದು. ಸ್ಟೀಲ್ ಜಾಲರಿ ಹಾಕಿಸಿ. ತೂತು ಕಾಲು ಇಂಚಿಗಿಂತ ಸಣ್ಣದಿರಲಿ. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಪ್ಲಾಸ್ಟಿಕ್ ಸೊಳ್ಳೆ ಪರದೆ ಹಾಕಿದರೆ ಒಂದೇ ರಾತ್ರಿಗೆ ಕತ್ತರಿಸುತ್ತದೆ. ಎಂಜಿನ್ ಕೆಳಗೆ ಮಾತ್ರ ಏನನ್ನೂ ಕಟ್ಟಬೇಡಿ. ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತೀತು. ಗಾಡಿ ನಿಲ್ಲಿಸುವಾಗ ಎಸಿಯನ್ನು ಒಳಗಿನ ಗಾಳಿಯೇ ತಿರುಗುವ ಬಟನ್‌ಗೆ ಹಾಕಿ ಆಫ್ ಮಾಡಿ, ಆಗ ಹೊರಗಾಳಿಯ ಬಾಗಿಲು ಮುಚ್ಚಿರುತ್ತದೆ.

ಇರುವ ಇಲಿಗೆ ಬೋನು ಇಡಿ. ಗೋಡೆ ಪಕ್ಕಕ್ಕೆ ಇಡಿ, ಇಲಿ ಗೋಡೆ ಸವರಿಕೊಂಡೇ ಓಡಾಡುವುದು.

ಬೇಸ್‌ಮೆಂಟ್ ವಾಸಿ:
ಇನ್ಶೂರೆನ್ಸ್ ಸಿಗಲ್ವಾ ಇದಕ್ಕೆ?

ಹಳೇ ಸ್ಪ್ಯಾನರ್:
ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ಫುಲ್ ಇದ್ದರೆ ಪಾಲಿಸಿ ಓದಿ. ರಿಪೇರಿಗೆ ಮೊದಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿ.

ಸಾಗರದವ:
ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ. ಶೆಡ್ ಖಾಲಿ. ಹೊಸ ಫಿಲ್ಟರ್, ಜಾಲರಿ ಹಾಕಿದ್ದಾಯಿತು. ಬೋನಿಗೆ ಕೊಬ್ಬರಿ ಇಟ್ಟರೆ ಎರಡು ರಾತ್ರಿ ಮೂಸಿಯೂ ನೋಡಲಿಲ್ಲ. ಮೂರನೇ ರಾತ್ರಿ ಹಲಸಿನ ಬೀಜ ಸುಟ್ಟು ಇಟ್ಟೆ, ಬಿತ್ತು! ಆಮೇಲೆ ಬಾನೆಟ್ ಒಳಗೆ ಒಂದು ಹಿಕ್ಕೆಯೂ ಕಂಡಿಲ್ಲ. ಬುಟ್ಟಿ ಈಗ ಅಟ್ಟದ ಮೇಲಿದೆ, ತಗಡಿನ ಡಬ್ಬಿಯೊಳಗೆ. ಹುಳಿಗೆ ಬೀಜ ಬೇಕಾದಾಗಲೆಲ್ಲ ಏಣಿ ಹತ್ತುವ ಕೆಲಸ ನನ್ನದು.