ಮನೇಲಿ ಮಾಡಿದ ಕೊಬ್ರಿ ಎಣ್ಣೆ ಸೋಪಲ್ಲಿ ಹಲ್ಲುಜ್ಜಬಹುದಾ?

ತೆಂಗಿನತೋಟ_ತಿಪ್ಟೂರು
ಎಲ್ರಿಗೂ ನಮಸ್ಕಾರ. ನಾವು ತೋಟದ ಕೊಬ್ರೀನೇ ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸ್ಕೊಂಡು ಬರ್ತೀವಿ, ಅಡುಗೆಗೆ ತಲೆಗೆ ಆಗಿ ಮಿಕ್ಕಿದ್ರಲ್ಲಿ ನಾನು ಮೈಗೆ ಹಚ್ಚೋ ಸೋಪು ಮಾಡ್ತೀನಿ. ಬಣ್ಣ ಸೆಂಟು ಏನೂ ಇಲ್ಲ, ಎಣ್ಣೆ, ನೀರು, ಕಾಸ್ಟಿಕ್ ಸೋಡಾ ಅಷ್ಟೇ. ಈಗ ಕೇಳ್ತಿರೋದು ಏನಂದ್ರೆ ಇದ್ರಲ್ಲೇ ಹಲ್ಲುಜ್ಜಿದ್ರೆ ಆಗುತ್ತಾ? ನಗ್ಬೇಡಿ ದಯವಿಟ್ಟು. ನಂಗೆ ಪೇಸ್ಟಲ್ಲಿ ಉಜ್ಜಿದ್ರೆ ಕೆನ್ನೆ ಒಳಗಡೆ ಸಿಪ್ಪೆ ಎದ್ದಂಗಾಗುತ್ತೆ, ಆಮೇಲೆ ಹುಣ್ಣು, ಒಂದು ಹೋಯ್ತು ಅನ್ನೋಷ್ಟರಲ್ಲಿ ಇನ್ನೊಂದು, ಸಾರು ಊಟ ಮಾಡಕ್ಕೂ ಆಗಲ್ಲ. ವಾಟ್ಸಾಪಲ್ಲಿ ಒಂದು ಬಂದಿತ್ತು, ಪೇಸ್ಟಲ್ಲಿರೋ ಗ್ಲಿಸರಿನ್ ಹಲ್ಲಿನ ಮೇಲೆ ಪದರ ಕಟ್ಟುತ್ತಂತೆ, ಎಷ್ಟು ಮುಕ್ಕಳಿಸಿದ್ರೂ ಹೋಗಲ್ವಂತೆ, ಅದ್ರಿಂದ ಹಲ್ಲಿಗೆ ಸುಣ್ಣದಂಶ ವಾಪಸ್ ಸೇರಲ್ವಂತೆ, ಅದೇ ಬರೀ ಸೋಪಲ್ಲಿ ಉಜ್ಜಿದ್ರೆ ಹಲ್ಲು ತಾನೇ ಗಟ್ಟಿ ಆಗುತ್ತಂತೆ. ನಮ್ಮತ್ತೆ ಮಾತ್ರ "ಸೋಪು ಬಾಯಿಗಾ, ಥೂ, ಉಪ್ಪು ಇದ್ಲಿಗೆ ಏನಾಗಿತ್ತು ಬರ" ಅಂತಾರೆ. ಮಗಳಿಗೆ ಏಳು ವರ್ಷ, ನಾನು ಏನ್ ಮಾಡಿದ್ರೂ ಅವಳೂ ಮಾಡ್ತಾಳೆ, ಅದಕ್ಕೇ ಮೊದ್ಲೇ ಕೇಳ್ಬಿಡೋಣ ಅಂತ. ಯಾರಾದ್ರೂ ಮಾಡಿ ನೋಡಿದೀರಾ?

ಬಾಲ್ಕನಿ_ಬೆಂಗ್ಳೂರು
ನಾನು ಮಾಡಿದೀನಿ, ಸ್ವಲ್ಪ ಕಾಲ. ಒದ್ದೆ ಬ್ರಷ್ಷನ್ನ ಸೋಪಿನ ಮೇಲೆ ಒಂದೆರಡು ಸಲ ಎಳೆದು ಉಜ್ಜೋದು ಅಷ್ಟೇ, ಜಾಸ್ತಿ ಬೇಡ. ರುಚಿ ಕೆಟ್ಟದಾಗೇ ಇರುತ್ತೆ, ಅಭ್ಯಾಸ ಆಗುತ್ತೆ ಅಂತ ಹೇಳೋರು ಸುಳ್ಳು ಹೇಳ್ತಿದಾರೆ ಅಥವಾ ನಾಲಿಗೆ ಸತ್ತಿದೆ. ಆದ್ರೆ ಹಲ್ಲಿನ ಮೇಲೆ ನಾಲಿಗೆ ಆಡಿಸಿದ್ರೆ ನುಣ್ಣಗೆ ಅನ್ಸುತ್ತೆ, ಅದಂತೂ ನಿಜ, ನನ್ನ ಹುಣ್ಣೂ ಕಮ್ಮಿ ಆಯ್ತು.

ಇನ್ನೊಂದು ವಿಷ್ಯ, ನಿಮ್ದು ಬೋರ್ ನೀರಾ? ನಮ್ಮ ಏರಿಯಾದಲ್ಲಿ ಬೋರ್ ನೀರು, ಅದ್ರಲ್ಲಿ ಬಾಯಿ ಮುಕ್ಕಳಿಸಿದ್ರೆ ಹಲ್ಲಿನ ಸಂದಿಲಿ ಬಿಳೀ ಜಿಡ್ಡು ಥರ ಉಳ್ಕೊಳ್ಳುತ್ತೆ. ಬಕೆಟ್ ಅಂಚಲ್ಲಿ ಕಟ್ಟುತ್ತಲ್ಲ ಅದೇ. ಗಡುಸು ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದೇ ಇರೋ ಜಿಡ್ಡಾಗುತ್ತೆ, ಬಾಯಲ್ಲಾದ್ರೂ ಬಚ್ಚಲಲ್ಲಾದ್ರೂ ಅಷ್ಟೇ. ಫಿಲ್ಟರ್ ನೀರಲ್ಲಿ ಮುಕ್ಕಳಿಸಿದ್ರೆ ಪರ್ವಾಗಿಲ್ಲ. ನಾನು ಬಿಟ್ಟಿದ್ದು ಮಾತ್ರ ರುಚಿಗೆ.

ಪುತ್ತೂರು_ಸಾಬೂನು
ಸೋಪು ಮಾಡಿ ಮಾರುವ ಕೆಲಸ ನಂದು, ಹಾಗಾಗಿ ಹಲ್ಲಿನ ವಿಷಯ ಬಿಟ್ಟು ಸೋಪಿನ ವಿಷಯ ಮಾತ್ರ ಹೇಳ್ತೇನೆ. ಮೊದಲು ಒಂದು ಕೇಳ್ತೇನೆ ಅಕ್ಕ, ನೀವು ಕಾಸ್ಟಿಕ್ ತೂಕ ಮಾಡಿ ಹಾಕುದಾ ಅಂದಾಜಿಗೆ ಹಾಕುದಾ? ಅರ್ಧ ಕಿಲೋ ತೆಂಗಿನೆಣ್ಣೆ ಪೂರ್ತಿ ಸೋಪಾಗ್ಲಿಕ್ಕೆ ಹತ್ತಿರ ಹತ್ತಿರ 91 ಗ್ರಾಮ್ ಕಾಸ್ಟಿಕ್ ಬೇಕು. ಆದ್ರೆ ಬರೀ ತೆಂಗಿನೆಣ್ಣೆ ಸೋಪು ಚರ್ಮ ಒಣಗಿಸ್ತದೆ ಅಂತ ನಾವೆಲ್ಲ ನೂರಕ್ಕೆ ಇಪ್ಪತ್ತರಷ್ಟು ಕಮ್ಮಿ ಮಾಡಿ 73 ಗ್ರಾಮಿಗೇ ನಿಲ್ಲಿಸ್ತೇವೆ, ಉಳಿದ ಎಣ್ಣೆ ಎಣ್ಣೆಯಾಗಿಯೇ ಇರ್ತದೆ. 100 ಹಾಕಿದ್ರೋ, ಮಿಕ್ಕ ಕಾಸ್ಟಿಕ್ ಸೋಪಿನೊಳಗೆ ಹಾಗೇ ಕೂತಿರ್ತದೆ, ಕೈಗೆ ಅಷ್ಟು ಗೊತ್ತಾಗುದಿಲ್ಲ, ಬಾಯಿಯ ಒಳಚರ್ಮ ಸುಟ್ಟೇ ಹೋಗ್ತದೆ. ಮತ್ತೆ ಕಾಸ್ಟಿಕ್ ಡಬ್ಬದ ಮುಚ್ಚಳ ಸಡಿಲ ಇದ್ರೆ ಗಾಳಿಯ ತೇವ ಎಳ್ಕೊಳ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಕೇಳುದೇ ಬೇಡ ಮಾರಾಯ್ರೆ, ಆಗ ತೂಕವೂ ಸುಳ್ಳು ಹೇಳ್ತದೆ.

ನಾವು ಹಳೇ ಸೋಪಿಗರು ನೋಡುದು ಹೀಗೆ: ಬೆರಳು ಒದ್ದೆ ಮಾಡಿ ಸೋಪಿಗೆ ತಿಕ್ಕಿ ಆ ನೊರೆಯನ್ನು ನಾಲಿಗೆ ತುದಿಗೆ ಒಂದು ಚೂರು ತಾಗಿಸುದು. ಸೋಪಿನ ರುಚಿ ಮಾತ್ರ ಬಂದ್ರೆ ಸರಿ, ಚುರ್ ಅಂತ ಶಾಕ್ ಹೊಡೆದ ಹಾಗೆ ಆದ್ರೆ ಕಾಸ್ಟಿಕ್ ಉಳಿದುಂಟು ಅಂತ ಲೆಕ್ಕ. ಅದೂ ಎರಕ ಹೊಯ್ದ ದಿನವೇ ಮಾಡ್ಲಿಕ್ಕಿಲ್ಲ, ಆವಾಗ ಇನ್ನೂ ರಿಯಾಕ್ಷನ್ ನಡೀತಾ ಇರ್ತದೆ. ನಾಲ್ಕರಿಂದ ಆರು ವಾರ ಒಣಗಿಸುದು ಸೋಪು ಸೌಮ್ಯ ಆಗ್ಲಿಕ್ಕೆ ಅಂತ ಜನ ತಿಳ್ಕೊಂಡಿದ್ದಾರೆ, ನಿಜವಾಗಿ ಅದು ಹೆಚ್ಚಾಗಿ ನೀರು ಆರಿ ಗಟ್ಟಿಯಾಗ್ಲಿಕ್ಕೆ. ಎಷ್ಟು ಒಣಗಿಸಿದ್ರೂ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 9–10ರ ಹತ್ತಿರವೇ ಇರ್ತದೆ, ಅದು ಸೋಪಿನ ಗುಣ. ಏಳಕ್ಕೆ ಇಳಿಸ್ಲಿಕ್ಕೆ ಅಂತ ನಿಂಬೆರಸ ಹಾಕಿದ್ರೆ ಸೋಪು ಒಡೆದು ಎಣ್ಣೆಯ ಆಮ್ಲವಾಗಿ ಬೇರೆ ಆಗ್ತದೆ, ಸೋಪೇ ಉಳಿಯುದಿಲ್ಲ.

ಮತ್ತೆ ಆ ಗ್ಲಿಸರಿನ್ ಮೆಸೇಜು ಬರೆದವ ಯಾರೋ ಜೀವನದಲ್ಲಿ ಒಂದು ಸೋಪೂ ಮಾಡಿದವ ಅಲ್ಲ. ಎಣ್ಣೆಗೆ ಕಾಸ್ಟಿಕ್ ಸೇರಿದ್ರೆ ಬರುದು ಎರಡೇ, ಸೋಪು ಮತ್ತೆ ಗ್ಲಿಸರಿನ್! ದೊಡ್ಡ ಫ್ಯಾಕ್ಟರಿಯವರು ಅದನ್ನು ಉಪ್ಪುನೀರು ಹಾಕಿ ತೆಗೆದು ಬೇರೆ ಮಾರ್ತಾರೆ, ಮನೆಯಲ್ಲಿ ಮಾಡಿದ್ರಲ್ಲಿ ಅಷ್ಟೂ ಒಳಗೇ ಇರ್ತದೆ. ನಮ್ಮ ಸೋಪು ಒಳ್ಳೇದು ಅಂತ ನಾವು ಹೇಳಿ ಮಾರುದೇ ಗ್ಲಿಸರಿನ್ ಉಂಟು ಅಂತ. ಗ್ಲಿಸರಿನ್ ಬೇಡ ಅಂತ ಪೇಸ್ಟ್ ಬಿಟ್ಟು ಮನೆ ಸೋಪಿಗೆ ಬರುದಂದ್ರೆ ಎಂಥ ಹೇಳುದು.

ಕೊನೆಗೊಂದು, ಎಕ್ಸಿಬಿಷನಲ್ಲಿ ಸಿಗುವ ಬಣ್ಣಬಣ್ಣದ ಸೋಪು, ನನ್ನ ಹತ್ರ ಇರುದೂ ಸೇರಿ, ಯಾವುದನ್ನೂ ಬಾಯಿಗೆ ಹಾಕ್ಬೇಡಿ. ಪರ್ಫ್ಯೂಮ್ ಎಣ್ಣೆ, ಬಣ್ಣ ಎಲ್ಲ ಮೈಗೆ ಹಾಕುವ ಲೆಕ್ಕದಲ್ಲಿ ಇರ್ತದೆ.

ಅಜ್ಜಿಮನೆ
ಅತ್ತೆ ಹೇಳಿದ್ದು ಸರಿ ಅಂತ ಒಬ್ರೂ ಬರೀಲಿಲ್ವಲ್ಲ 😄 ನಮ್ಮಜ್ಜಿ ಎಂಬತ್ತರಲ್ಲೂ ಕಬ್ಬು ಸಿಗಿದು ತಿಂತಿದ್ರು, ಬೇವಿನ ಕಡ್ಡಿ, ಆಮೇಲೆ ನಂಜನಗೂಡು ಹಲ್ಲುಪುಡಿ. ಪೇಸ್ಟ್ ಮುಟ್ಟಿದೋರೇ ಅಲ್ಲ.

ಡೆಂಟಲ್_ಚೇರ್
ನಾನು ಬಿಡಿಎಸ್, ಕ್ಲಿನಿಕ್ ಮುಗಿಸಿ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ.

ಮೊದ್ಲು ಅಜ್ಜಿ ವಿಷ್ಯ. ಅಜ್ಜಿಯವರ ಕಾಲದಲ್ಲಿ ಬಿಸ್ಕೆಟ್ಟು, ಚಾಕ್ಲೇಟು, ದಿನಕ್ಕೆ ನಾಲ್ಕು ಸಲ ಸಕ್ಕರೆ ಟೀ ಇರ್ಲಿಲ್ಲ, ಹುಳುಕು ಕಮ್ಮಿ ಇದ್ದಿದ್ದು ಅದಕ್ಕೆ. ಇದ್ಲು, ಇಟ್ಟಿಗೆ ಪುಡಿ, ಬೂದಿ ಇವೆಲ್ಲ ಉಜ್ಜಿ ಉಜ್ಜಿ ಒಸಡಿನ ಪಕ್ಕ ಹಲ್ಲು ಸವೆದು ಕಚ್ಚು ಬಿದ್ದಿರೋ ಬಾಯಿಗಳನ್ನ ವಾರವಾರ ನೋಡ್ತೀನಿ. ಬೇವಿನ ಕಡ್ಡಿ ಪರ್ವಾಗಿಲ್ಲ, ತಾಳ್ಮೆ ಇದ್ರೆ.

ಈಗ ಸೋಪು. ಜನ ಹೆದರೋದು ಒಂದಕ್ಕೆ, ನಿಜವಾದ ತೊಂದ್ರೆ ಇರೋದು ಇನ್ನೊಂದ್ರಲ್ಲಿ. ಸೋಪು ಕ್ಷಾರ, ಎನಾಮಲ್ ಅಂದ್ರೆ ಹಲ್ಲಿನ ಗಟ್ಟಿ ಮೇಲ್ಪದರನ ತಿಂದ್ಬಿಡುತ್ತೆ ಅಂತ ಹೆದರ್ತಾರೆ. ಎನಾಮಲ್ ಕರಗೋದು ಹುಳಿಗೆ, ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದಾಗ. ಸೋಪಿನ 9–10ಕ್ಕೆ ಅದಕ್ಕೇನೂ ಆಗಲ್ಲ. ಹಿಂದಿನ ಕಾಲದ ಪೇಸ್ಟು ಪುಡಿಗಳಲ್ಲಿ ನೊರೆಗೆ ಸೋಪನ್ನೇ ಹಾಕ್ತಿದ್ರು, ಎರಡನೇ ಮಹಾಯುದ್ಧದ ಆಸುಪಾಸಲ್ಲಿ ಅದ್ರ ಜಾಗಕ್ಕೆ ಸೋಡಿಯಂ ಲಾರಿಲ್ ಸಲ್ಫೇಟ್, ಅಂದ್ರೆ ಎಸ್‌ಎಲ್‌ಎಸ್ ಬಂತು. ಹಾಗಾಗಿ ಸೋಪಲ್ಲಿ ಹಲ್ಲುಜ್ಜೋದು ಹುಚ್ಚುತನ ಅಂತ ನಾನು ಹೇಳಲ್ಲ. ಹಲ್ಲಿನ ಮೇಲಿನ ಪಾಚಿ ತೆಗೆಯೋ ಕೆಲಸ ಮುಖ್ಯವಾಗಿ ಬ್ರಷ್ಷಿಂದು, ಮೇಲೆ ಏನ್ ಹಾಕಿದೀರಿ ಅನ್ನೋದು ಆಮೇಲಿನ ಮಾತು.

ತೊಂದ್ರೆ ಏನಂದ್ರೆ ಸೋಪಲ್ಲಿ ಫ್ಲೋರೈಡ್ ಇಲ್ಲ. ನಾವು ತಿಂದ ಸಕ್ಕರೆನ ಬ್ಯಾಕ್ಟೀರಿಯಾ ತಿಂದು ಹುಳಿ ಬಿಡುತ್ತೆ, ಹಲ್ಲಿಂದ ಕ್ಯಾಲ್ಸಿಯಂ ಫಾಸ್ಫೇಟ್ ಹೊರಗೆ ಬರುತ್ತೆ, ಸ್ವಲ್ಪ ಹೊತ್ತಾದ್ಮೇಲೆ ಎಂಜಲು ಅದನ್ನ ವಾಪಸ್ ಹಲ್ಲಿಗೆ ಸೇರಿಸುತ್ತೆ, ಹೀಗೆ ದಿನಾ ನಡೀತಾನೇ ಇರುತ್ತೆ, ಆ ವಾಪಸ್ ಸೇರೋ ಕೆಲಸನ ಜೋರು ಮಾಡೋದು ಮತ್ತೆ ಸೇರಿದ ಮೇಲೆ ಹುಳಿಗೆ ಅಷ್ಟು ಸುಲಭವಾಗಿ ಕರಗದಂಗೆ ಮಾಡೋದು ಫ್ಲೋರೈಡು. ಸೋಪಿಗೆ ಅದು ಬರಲ್ಲ. ಗ್ಲಿಸರಿನ್ ಬಗ್ಗೆ ಪುತ್ತೂರಿನವರು ಚೆನ್ನಾಗಿ ಹೇಳಿದ್ರು, ಅದಕ್ಕೆ ನಾನು ಸೇರಿಸೋದು ಇಷ್ಟೇ, ಗ್ಲಿಸರಿನ್ ನೀರಲ್ಲಿ ಸಲೀಸಾಗಿ ಕರಗುತ್ತೆ, ಒಂದು ಬಾಯಿ ನೀರಿಗೆ ಹೋಗ್ಬಿಡುತ್ತೆ, ಪದರ ಗಿದರ ಏನೂ ಕಟ್ಟಲ್ಲ.

ತಿಪ್ಟೂರಿನವ್ರೇ, ನಿಮ್ಮ ಲಕ್ಷಣ ನೋಡಿದ್ರೆ ನಂಗೆ ಅನುಮಾನ ಎಸ್‌ಎಲ್‌ಎಸ್ ಮೇಲೆ. ಕೆಲವ್ರಿಗೆ ಅದ್ರಿಂದ ಕೆನ್ನೆ ಒಳಚರ್ಮ ಸಿಪ್ಪೆ ಏಳುತ್ತೆ, ಹುಣ್ಣೂ ಪದೇ ಪದೇ ಬರುತ್ತೆ. ಬಾಲ್ಕನಿಯವ್ರಿಗೆ ಸೋಪು ಹಿಡಿದ ಮೇಲೆ ಹುಣ್ಣು ಕಮ್ಮಿ ಆಯ್ತು ಅಂದ್ರಲ್ಲ, ಅದು ಸೋಪಿನ ಮಹಿಮೆ ಅನ್ನೋದಕ್ಕಿಂತ ಎಸ್‌ಎಲ್‌ಎಸ್ ಬಿಟ್ಟಿದ್ದಕ್ಕೆ ಇರ್ಬಹುದು. ಎಸ್‌ಎಲ್‌ಎಸ್ ಇಲ್ಲದ, ಫ್ಲೋರೈಡ್ ಇರೋ ಪೇಸ್ಟ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಏನೇನಿದೆ ಅಂತ ಬರೆದಿರ್ತಾರೆ, ಓದಿ ತಗೊಳ್ಳಿ. ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಎಷ್ಟು ಪಾಲು) ಅಂತಾನೂ ಟ್ಯೂಬ್ ಮೇಲೆ ಹಾಕಲೇಬೇಕು, ನಮ್ಮ ದೇಶದಲ್ಲಿ 1000 ದಾಟಂಗಿಲ್ಲ. ಅದು ಹಾಕಿದ್ಮೇಲೂ ಹುಣ್ಣು ನಿಲ್ಲದಿದ್ರೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದಂಶ ಅಥವಾ ಬಿ12 ಕಮ್ಮಿ ಇದ್ರೂ ಹೀಗಾಗುತ್ತೆ. ಎರಡು ವಾರ ಆದ್ರೂ ಮಾಯದ ಹುಣ್ಣಿದ್ರೆ ಈ ಥ್ರೆಡ್ ಮುಚ್ಚಿ ಡಾಕ್ಟರ ಹತ್ರ ಹೋಗಿ, ಎಲೆ ಅಡಿಕೆ ಹಾಕೋರಂತೂ ಕಾಯಲೇಬೇಡಿ.

ಮಗಳಿಗೆ ಸೋಪು ಬೇಡ. ಆರು ಏಳು ವರ್ಷಕ್ಕೆ ಹಿಂದೆ ಬರೋ ದವಡೆ ಹಲ್ಲು ಹಾಲುಹಲ್ಲಲ್ಲ, ಅದು ಶಾಶ್ವತ. ಬಿದ್ದು ಬೇರೆ ಬರುತ್ತೆ ಅಂತ ಎಷ್ಟೋ ಜನ ಸುಮ್ನಿರ್ತಾರೆ, ಬರಲ್ಲ. ಬಟಾಣಿ ಕಾಳಷ್ಟು ಫ್ಲೋರೈಡ್ ಪೇಸ್ಟ್, ಎರಡು ಹೊತ್ತು, ಉಗೀಬೇಕು ನುಂಗ್ಬಾರ್ದು.

ಮುಂಡರಗಿ_ಮಂದಿ
ಡಾಕ್ಟರ್ ಸಾಹೇಬ್ರ, ಒಂದು ಮಾತು ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ನಮ್ಮ ಗದಗ ಜಿಲ್ಲಾದಾಗ, ನಮ್ಮ ತಾಲೂಕಿನ್ಯಾಗಂತೂ, ಬೋರ್ ನೀರಿನ ಫ್ಲೋರೈಡಿಗೆ ಮಂದಿ ಹಲ್ಲು ಕಂದಿ ಹೋಗ್ಯಾವ, ವಯಸ್ಸಾದವರಿಗೆ ಮಣಕಾಲು ನಡಾ ಹಿಡದು ಬಿಟ್ಟೈತಿ. ನಮಗ ಫ್ಲೋರೈಡ್ ಅಂದ್ರ ವಿಷ ಇದ್ದಂಗ. ನೀವು ನೋಡಿದ್ರ ಪೇಸ್ಟಿನ್ಯಾಗ ಫ್ಲೋರೈಡ್ ಇರಬೇಕಂತೀರಿ. ನಮ್ಮಂತವ್ರು ಸೋಪೋ ಉಪ್ಪೋ ಹಚ್ಚಗೊಂಡು ತಿಕ್ಕೊಂಡ್ರ ಒಳ್ಳೇದಲ್ಲೇನ್ರಿ?

ಡೆಂಟಲ್_ಚೇರ್
ಸಿಟ್ಟು ಯಾಕೆ ಸಾರ್, ಕೇಳಬೇಕಾದ ಪ್ರಶ್ನೆನೇ ಇದು. ಹಲ್ಲು ಕಂದೋದು ಹಲ್ಲು ದವಡೆ ಒಳಗೆ ತಯಾರಾಗೋವಾಗ, ಹುಟ್ಟಿದಾಗಿಂದ ಸುಮಾರು ಎಂಟು ವರ್ಷದವರೆಗೆ, ಫ್ಲೋರೈಡ್ ಹೊಟ್ಟೆಗೆ ಹೋದ್ರೆ. ಮಣಕಾಲು ನಡ ಹಿಡಿಯೋದು ವರ್ಷಗಟ್ಟಲೆ ಆ ನೀರು ಕುಡಿದ್ರೆ. ದೊಡ್ಡೋರು ಪೇಸ್ಟ್ ಹಚ್ಚಿ ಉಗುಳಿದ್ರೆ ಇವೆರಡೂ ಬರಲ್ಲ. ನಿಮ್ಮಲ್ಲಿ ಜಗಳ ಆಡಬೇಕಾಗಿರೋದು ಕುಡಿಯೋ ನೀರಿನ ಜೊತೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ. ನೀರು ಟೆಸ್ಟ್ ಮಾಡಿಸಿ, ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ನಿಮ್ಮ ಕಡೆ ಸಣ್ಣ ಮಕ್ಕಳ ಪೇಸ್ಟ್ ವಿಷಯ ಮಾತ್ರ ನಾನು ಹುಷಾರು ಅಂತೀನಿ, ನುಂಗೋ ವಯಸ್ಸಲ್ಲಿ ಎಷ್ಟು ಹಾಕ್ಬೇಕು ಹಾಕ್ಬೇಕಾ ಬೇಡ್ವಾ ಅಂತ ನಿಮ್ಮೂರ ನೀರು ಗೊತ್ತಿರೋ ಡೆಂಟಿಸ್ಟನ್ನೇ ಕೇಳಿ. ಇಡೀ ಕರ್ನಾಟಕಕ್ಕೆ ಒಂದೇ ಉತ್ತರ ಕೊಡೋ ವಿಷ್ಯ ಅಲ್ಲ ಅದು.

ತೆಂಗಿನತೋಟ_ತಿಪ್ಟೂರು
ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ಬರೀತೀರ ಅಂದ್ಕೊಂಡಿರ್ಲಿಲ್ಲ. ಪುತ್ತೂರಿನವ್ರೇ, ನಾನು ತೂಕದ ಮಷಿನ್ನಲ್ಲೇ ಹಾಕೋದು, ಆದ್ರೆ ಕಾಸ್ಟಿಕ್ ಹಾರ್ಡ್‌ವೇರ್ ಅಂಗಡೀದು, ಮೋರಿ ಕ್ಲೀನ್ ಮಾಡಕ್ಕೆ ಕೊಡ್ತಾರಲ್ಲ ಅದು. ಅದು ನಡೆಯುತ್ತಾ? ನಮ್ಮನೆ ಪೇಸ್ಟಿನ ಡಬ್ಬಿ ಹಿಂದೆ ನೋಡ್ದೆ, ಸೋಡಿಯಂ ಲಾರಿಲ್ ಸಲ್ಫೇಟ್ ಇದೆ. ಈ ತಿಂಗಳು ಬೇರೆ ಪೇಸ್ಟ್ ತಂದು ನೋಡ್ತೀನಿ. ಅತ್ತೆಗೆ ಇದ್ಲಿಂದು ಹೇಳಿದ್ದಕ್ಕೆ ನಿನ್ನ ಡಾಕ್ಟ್ರಿಗೆ ವಯಸ್ಸೆಷ್ಟು ಅಂತ ಕೇಳಿದ್ರು.

ಪುತ್ತೂರು_ಸಾಬೂನು
ಮೋರಿಗೆ ಹಾಕುವ ಕಾಸ್ಟಿಕ್ ಬೇಡ ಅಕ್ಕ, ಮೈಯ ಸೋಪಿಗೂ ಬೇಡ. ಅದ್ರಲ್ಲಿ ಬೇರೆ ಎಂತೆಂತದೋ ಸೇರಿರ್ಬಹುದು, ಕೆಲವು ಬ್ರಾಂಡಲ್ಲಿ ಅಲ್ಯೂಮಿನಿಯಂ ಚೂರು ಕೂಡ ಇರ್ತದೆ, ನೀರು ತಾಗಿದ ಕೂಡ್ಲೆ ಉಕ್ಕಿ ಗ್ಯಾಸ್ ಬರ್ತದೆ. ಕೆಮಿಕಲ್ ಅಂಗಡಿಯಲ್ಲಿ ಲ್ಯಾಬಿಗೆ ಕೊಡುವ ಶುದ್ಧದ್ದು ಕೇಳಿ, ಶುದ್ಧತೆ ನೂರಕ್ಕೆ ಎಷ್ಟು ಅಂತ ಬಾಟಲಿಯಲ್ಲೇ ಬರೆದಿರ್ತದೆ. ಪಾತ್ರೆಯೂ ಸ್ಟೀಲೇ ಆಗ್ಬೇಕು, ಅಲ್ಯೂಮಿನಿಯಂ ಮುಟ್ಲಿಕ್ಕಿಲ್ಲ. ನೀರಿಗೆ ಕಾಸ್ಟಿಕ್ ಹಾಕ್ಬೇಕು, ಕಾಸ್ಟಿಕ್ಕಿಗೆ ನೀರು ಹೊಯ್ಲಿಕ್ಕಿಲ್ಲ, ಗೊತ್ತಿರ್ತದೆ ನಿಮ್ಗೆ, ಆದ್ರೂ ಹೇಳಿದೆ.

ಮೈಸೂರ್_ಮಗ
ಮಧ್ಯೆ ತೂರ್ಕೊಂಡಿದ್ದಕ್ಕೆ ಸಾರಿ. ನಮ್ಮಪ್ಪಂಗೆ ಹೊಸದಾಗಿ ಹಲ್ಸೆಟ್ ಮಾಡಿಸಿದೀವಿ, ದಿನಾ ಪೇಸ್ಟ್ ಹಾಕಿ ಗಸಗಸ ಉಜ್ತಾರೆ. ಅದನ್ನ ಸೋಪಲ್ಲಿ ತೊಳೀಬಹುದಾ?

ಡೆಂಟಲ್_ಚೇರ್
ಓ, ಅದಕ್ಕೆ ಸೋಪೇ ಸರಿ! ಪೇಸ್ಟಲ್ಲಿರೋ ತರಿತರಿ ಪುಡಿ ಸೆಟ್ಟಿನ ಪ್ಲಾಸ್ಟಿಕ್ಕಿಗೆ ಗೀರು ಹಾಕುತ್ತೆ, ಆ ಗೀರಲ್ಲಿ ಕೊಳೆ ಕೂತ್ಕೊಂಡು ವಾಸನೆ ಬರುತ್ತೆ. ಮೆತ್ತನೆ ಬ್ರಷ್ಷು, ಸೆಂಟಿಲ್ಲದ ಸಾದಾ ಸೋಪು ಅಥವಾ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು, ಸಿಂಕಲ್ಲಿ ಸ್ವಲ್ಪ ನೀರು ನಿಲ್ಲಿಸ್ಕೊಂಡು ತೊಳೆಯಕ್ಕೆ ಹೇಳಿ, ಕೈ ಜಾರಿದ್ರೂ ಒಡೆಯಲ್ಲ. ಬಾಯಿಗೆ ಹಾಕೋ ಮುಂಚೆ ಚೆನ್ನಾಗಿ ನೀರಲ್ಲಿ ತೊಳೀಬೇಕು. ಕುದಿಯೋ ನೀರು ಬೇಡ, ಸೊಟ್ಟ ಆಗ್ಬಿಡುತ್ತೆ. ರಾತ್ರಿ ತೆಗೆದು ತಣ್ಣೀರಲ್ಲಿ ಹಾಕಿಡಿ.